ಪ್ರಸೊಂಗ್ ಅಣ್ಣನ ಬೆರಳು

ಇನ್ನೊಂದೇ ಹುಳು ಉಳಿದಿತ್ತು. ಸಂಜೆಗೆ ಕ್ಷ-ಕಿರಣ ಬೇರೆ ತಂಡದ ಪಾಲು. ನಮ್ಮ ಸರದಿ ಮತ್ತೆ ಬರುವುದು ಮುಂದಿನ ವರ್ಷ. ರೇಷ್ಮೆ ಹುಳುವಿನ ಬಾಯಲ್ಲಿ ಅಂಟು ದ್ರವ ನೂಲಾಗುವ ಗಳಿಗೆಯನ್ನು ಅಷ್ಟರಲ್ಲಿ ಹಿಡಿಯದಿದ್ದರೆ ನನ್ನ ಡಾಕ್ಟರೇಟಿನ ಕಥೆ ಮುಗಿದಂತೆ.

ಥಾಯ್ಲೆಂಡಿನ ಕೊರಾತ್‌ನ ನಮ್ಮ ಪ್ರಯೋಗಾಲಯದಲ್ಲಿ ಕಿರಣದ ಗುಂಡಿ ಒತ್ತುವವರು ಪ್ರಸೊಂಗ್ ಅಣ್ಣ. ಮಂದ ಕಿರಣದಲ್ಲಿ ಹುಳು ಪರದೆಯ ಮೇಲೆ ತಲೆಯಾಡಿಸುತ್ತಲೇ ಇರುತ್ತದೆ. ತಲೆ ನಡುವಿಗೆ ಬಂದಾಗ ಗುಂಡಿ ಒತ್ತಿದರೆ ಜೋರು ಕಿರಣ ಹಾಯ್ದು ಒಳ್ಳೆಯ ಚಿತ್ರ ಸಿಗುತ್ತದೆ. ನಾಲ್ಕಾರು ಸಲ ಒತ್ತಿದರೆ ಆ ಜೋರು ಕಿರಣಕ್ಕೇ ಹುಳು ಸಾಯುತ್ತದೆ, ಹಾಗಾಗಿ ಗುರಿ ತಪ್ಪುವಂತಿಲ್ಲ. ನಮ್ಮ ಹಳೆಯ ತಂತ್ರಾಂಶಕ್ಕೋ, ಕ್ಯಾಮೆರಾ ಕಳಿಸಿದ್ದನ್ನು ಅರಗಿಸಿಕೊಳ್ಳಲು ಪುರುಸೊತ್ತು ಬೇಕು. ಪರದೆಯಲ್ಲಿ ಕಾಣುವುದೆಲ್ಲ ಆಗಲೇ ಆಗಿಹೋದದ್ದು. ಆ ತಡವನ್ನು ಅಂದಾಜು ಮಾಡಿ, ತಲೆ ನಡುವಿಗೆ ಬರುವ ಮುಂಚೆಯೇ ಒತ್ತುವುದನ್ನು ಅಣ್ಣ ವರ್ಷಗಟ್ಟಲೆ ರೂಢಿಸಿಕೊಂಡಿದ್ದರು. ಅವರ ಆ ಅಂದಾಜಿಗೆ ನಾವೆಲ್ಲ ತಲೆಬಾಗುತ್ತಿದ್ದೆವು.

ಆದರೂ ಈ ಸಲ ಅಂದಾಜು ತಪ್ಪಿ ಹುಳುಗಳು ಒಂದೊಂದಾಗಿ ಸತ್ತವು. ಅದಕ್ಕೇ ಮಧ್ಯಾಹ್ನ ನಮ್ಮ ಪ್ರೋಗ್ರಾಮರ್ ತೊಂಗ್ ತಾನೇ ಬರೆದ ಹೊಸ ತಂತ್ರಾಂಶ ಹಾಕಿದ. ವಿಡಿಯೊ ಗೇಮ್ ಹುಚ್ಚರು ಕೊಳ್ಳುವಂಥ ಗ್ರಾಫಿಕ್ಸ್ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಚಿತ್ರಗಳ ಕೆಲಸವನ್ನೆಲ್ಲ ಅದಕ್ಕೇ ಒಪ್ಪಿಸಿದ್ದ. ಅಣ್ಣ ಕಂಪ್ಯೂಟರಿಗೆ ಚೆಂಡುಹೂವಿನ ಮಾಲೆ ಹಾಕಿ ಕೈಮುಗಿದರು.

ಪರದೆ ಬೆಳಗಿತು. ನಾನು ಬೆಪ್ಪಾಗಿ ನೋಡಿದೆ. ಹುಳುವಿನ ದವಡೆ, ಒಳಗಿನ ಗ್ರಂಥಿಯ ಅಂಕುಡೊಂಕು, ಒಂದು ಚೂರೂ ತಡವರಿಸದೆ ಸಲೀಸಾಗಿ ಆಡುತ್ತಿದ್ದವು. ಇಷ್ಟು ಚೆಂದದ ಚಿತ್ರ ಆ ಕೋಣೆಯಲ್ಲಿ ಹುಟ್ಟಿರಲೇ ಇಲ್ಲ.

ಅಣ್ಣ ಒತ್ತಿದರು. ಚಿತ್ರದ ನಡುವೆ ಬರೀ ಗಾಳಿ. ಮತ್ತೆ ಒತ್ತಿದರು. ಮತ್ತೆ ಗಾಳಿ.

"ನೋಡೋಕೆ ಚೆಂದ, ಕೆಲಸಕ್ಕೆ ಬಾರದ್ದು," ಎಂದರು.

"ತೊಂಗ್, ನನ್ನ ಹುಳ ಸತ್ರೆ ಆ ಕಾರ್ಡನ್ನ ಕೆಂಡದ ಮೇಲೆ ಸುಟ್ಟು, ಜಿಗುಟನ್ನದ ಜೊತೆ ನಿಂಗೇ ತಿನ್ನಿಸ್ತೀನಿ," ಎಂದೆ ನಾನು.

ತೊಂಗ್ ಪರದೆ ಬಿಟ್ಟು ಅಣ್ಣನ ಬೆರಳನ್ನೇ ನೋಡುತ್ತಿದ್ದ.

"ಅಣ್ಣ, ಬೇಜಾರ್ ಮಾಡ್ಕೋಬೇಡಿ. ನೀವು ಹಳೇ ರೂಢಿಯಂತೆ ಈಗ್ಲೂ ಮುಂಚೇನೇ ಒತ್ತುತ್ತಿದ್ದೀರ. ಈಗ ಕಾಣೋದು ಈಗಿಂದೇ. ಕಂಡಾಗ ಒತ್ತಿ, ಸಾಕು."

ಅಣ್ಣ ಮತ್ತೆ ಪ್ರಯತ್ನಿಸಿದರು. ಬೆರಳು ಮಾತು ಕೇಳಲಿಲ್ಲ, ಮುಂಚೆಯೇ ಇಳಿಯಿತು. ಹುಳುವಿನ ತಲೆ ನಿಧಾನವಾಯಿತು. ಅಣ್ಣ ಕುರ್ಚಿ ಬಿಟ್ಟು ಎದ್ದರು. ಅವರಿದ್ದಾಗ ಬೇರೆಯವರು ಆ ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿರಲಿಲ್ಲ.

"ಕೂತ್ಕೋ ಮುಕ್. ನಿನ್ನ ಕೈಗೆ ಈ ಚಾಳಿ ಹತ್ತಿಲ್ಲ."

"ನಂಗೆ ಬರಲ್ಲ ಅಣ್ಣ."

"ಕಣ್ಣಿದೆ ತಾನೇ? ಕೂತ್ಕೋ ಸುಮ್ನೆ."

ಕೂತೆ. ಹುಳುವಿನ ತಲೆ ಅತ್ತ ಹೋಯಿತು, ಇತ್ತ ಬಂತು. ಕಂಡಾಗ ಒತ್ತಿದೆ. ಬಾಯಿಯ ತುದಿಯಲ್ಲಿ ಮಂಕು ದ್ರವ ಸಣ್ಣಗಾಯಿತು, ಎಳೆಯಾಯಿತು, ಎಳೆ ಗಟ್ಟಿಯಾಗಿ ಹೊಳೆಯಿತು. ಅದು ಆಗುತ್ತಿದ್ದಾಗಲೇ ನಾನು ನೋಡುತ್ತಿದ್ದೆ. ಹುಳುವಿಗೂ ತೊಂಗನಿಗೂ ಒಟ್ಟಿಗೇ ಕೈಮುಗಿಯೋಣ ಅನ್ನಿಸಿತು. ಮೊದಲು ಗುಂಡಿಯಿಂದ ಬೆರಳೆತ್ತಿ ಜೋರು ಕಿರಣ ನಿಲ್ಲಿಸಿದೆ.

"ಇನ್ನೂ ಟೈಮಿದೆ, ಇನ್ನೊಂದು ಚಿತ್ರ ತಗೋ," ಎಂದ ತೊಂಗ್.

"ಬೇಡ, ಸಿಕ್ಕಿದೆ. ಅದು ಬದುಕ್ಲಿ."

ಮಂದ ಕಿರಣದಲ್ಲಿ ಹುಳು ಕೊಂಚ ಸುಮ್ಮನಿದ್ದು, ಮತ್ತೆ ನೂಲತೊಡಗಿತು. ಅಣ್ಣ ನನ್ನ ಹಿಂದೆ ನಿಂತು ಬಹಳ ಹೊತ್ತು ಪರದೆ ನೋಡಿದರು.

"ಇಷ್ಟು ವರ್ಷ ಬರೀ ಲೆಕ್ಕಾನೇ ಹಾಕ್ದೆ ಕಣೋ ತೊಂಗ್," ಎಂದರು. "ಹುಳ ನೋಡ್ತಿರೋದು ಇವತ್ತೇ."