ಗಿಳಿಗೆ ಬಿದ್ದ ಓಟು

ಶ್ರೀಪತಿರಾಯರು ಕೋಟಿನ ಮೇಲೆಯೇ ಶಲ್ಯವನ್ನು ಸೆರಗಿನಂತೆ ತಲೆಗೆ ಹೊದ್ದು, ಸೊಂಟ ಬಗ್ಗಿಸಿ, "ಈಗ ನಾ ಯಾರು, ಹೇಳ್ರಿ?" ಎಂದು ಕೇಳಿದರೆಂದರೆ ತರಬೇತಿ ಆರಂಭವಾಯಿತೆಂದೇ ಕಲಿಯಲು ಬಂದ ನಮ್ಮೆಲ್ಲರ ಲೆಕ್ಕ. ಹೊಸಪೇಟೆಯ ಪ್ರೌಢಶಾಲೆಯಲ್ಲಿ ಇತಿಹಾಸ ಹೇಳುತ್ತಿದ್ದ ಈ ಮನುಷ್ಯ, ಚುನಾವಣೆ ಬಂತೆಂದರೆ ಅಧಿಕಾರಿಗಳಿಗೇ ಮೇಷ್ಟ್ರು. ಜನರಿಗೆ ಮತದಾನದ ತಿಳಿವಳಿಕೆ ಕೊಡುವ ಬಗೆಯನ್ನು ಅವರಿಗೆ ಕಲಿಸುವುದು ಇವರ ಪಾಲಿನ ಕೆಲಸ. ಸುತ್ತೋಲೆ ಓದಿ ಕೈತೊಳೆದುಕೊಳ್ಳುವ ಜಾಯಮಾನ ಅವರದಲ್ಲ. ತಾವೇ ಕಿವಿ ಮಂದವಾದ ಮುದುಕಿಯಾಗಿ, ಅದಿರಿನ ಲಾರಿಯಿಂದಿಳಿದ ಅವಸರದ ಚಾಲಕನಾಗಿ, ಹಂಪಿ ಬಜಾರಿನ ಅಂಗಡಿ ಬಿಟ್ಟು ಬರಲೊಲ್ಲದ ವ್ಯಾಪಾರಿಯಾಗಿ ಎದುರು ನಿಂತು, ಪ್ರಶ್ನೆಗಳಿಂದಲೇ ಅಧಿಕಾರಿಗಳನ್ನು ಹಣ್ಣುಗಾಯಿ ನೀರುಗಾಯಿ ಮಾಡುತ್ತಿದ್ದರು.

ಏಪ್ರಿಲ್ಲಿನ ಬಿಸಿಲಲ್ಲೂ ಮೈಯಿಂದ ಇಳಿಯದ ಆ ಬೂದು ಕೋಟು ಸಂಡೂರು ದಾರಿಯ ಧೂಳು ಕುಡಿದು ಕುಡಿದು, ಯಾವ ಸಾಬೂನಿಗೂ ಜಗ್ಗದ ಕೆಂಪಿಗೆ ತಿರುಗಿತ್ತು. ನಡೆಯುವಾಗ ದೇಹಕ್ಕಿಂತ ತಲೆ ಒಂದು ಗೇಣು ಮುಂದೆ. "ಊರ ಮಂದಿ ಎಲ್ಲಾರೂ ಆಗಿ ಮುಗೀತಲ್ಲ, ಮನಿಗೆ ಬರೋವಾಗರ ರಾಯರಾಗಿ ಬರ್ರಿ" ಎಂದು ಹೆಂಡತಿ ಲಕ್ಷ್ಮೀಬಾಯಿ ಛೇಡಿಸಿದರೆ ಮೀಸೆಯಂಚಿನಲ್ಲೇ ನಗುತ್ತಿದ್ದರು.

ಎರಡು ಸಾವಿರದ ನಾಲ್ಕರಲ್ಲಿ ಮತಪೆಟ್ಟಿಗೆ ಹೋಗಿ ಯಂತ್ರ ಬಂತು. ರಾಯರು ತಮ್ಮ ಶಿಷ್ಯ ಅಧಿಕಾರಿಗಳನ್ನು ಕಟ್ಟಿಕೊಂಡು ಗಣಿ ಸೀಮೆಯ ಬಂಡ್ರಿಗೆ ಹೋದರು. ಯಾವ ಪಕ್ಷದ ಗುರುತಿನ ಸೋಂಕೂ ಬೇಡವೆಂದು ಅಭ್ಯಾಸದ ಯಂತ್ರಕ್ಕೆ ಗಿಳಿ, ಗುಬ್ಬಿ, ಪಾರಿವಾಳಗಳ ಚಿತ್ರ ಅಂಟಿಸಿದರು. ಗಣಿಯಲ್ಲಿ ಅದಿರು ಒಡೆಯುವ ಭರಮಮ್ಮ ಮೊದಲು ಗುಂಡಿ ಒತ್ತಿದಳು. ಯಂತ್ರ ಪೀಂ ಎಂದಿತು. ಓಣಿಯ ಹೆಂಗಸರೆಲ್ಲ ನಾ ಮುಂದು ತಾ ಮುಂದು ಎಂದು ಸಾಲುಗಟ್ಟಿದರು. "ಒಬ್ಬರಿಗೆ ಒಂದ ಓಟು, ಎರಡನೇ ಸಲ ಬ್ಯಾಡ" ಎಂದು ರಾಯರು ಗದರಿದ್ದೂ ಆಯಿತು. ಪಾಠ ಇಷ್ಟು ಚೆನ್ನಾಗಿ ಹತ್ತಿದ್ದು ಹಿಂದೆಂದೂ ಇಲ್ಲವೆಂದು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದರು.

ಮತದಾನದ ದಿನ ಮಧ್ಯಾಹ್ನ ಮತಗಟ್ಟೆಗಳನ್ನು ನೋಡುತ್ತ ಬಂಡ್ರಿಗೆ ಬಂದರೆ, ಹೆಂಗಸರ ಸಾಲು ಬಣಗುಡುತ್ತಿದೆ. ಭರಮಮ್ಮ ಓಣಿಯವರೊಡನೆ ಬೇವಿನ ನೆರಳಲ್ಲಿ ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದಾಳೆ.

"ಓಟು ಹಾಕ್ಲಿಕ್ಕೆ ಬರ್ಲಿಲ್ಲೇನವ್ವಾ?"

"ಅವತ್ತ ಹಾಕೀವಲ್ರಿ ಮೇಷ್ಟ್ರ! ನಾ ಗಿಳಿಗಿ ಹಾಕೀನಿ. ಪೀಂ ಅಂತಲ್ರಿ. ಎರಡನೇ ಸಲ ಬ್ಯಾಡ ಅಂದೋರು ನೀವ."

ರಾಯರು ಗಡಿಯಾರ ನೋಡಿಕೊಂಡರು. ತಾವು ಕಲಿಸಿದ ಪಾಠದಿಂದಲೇ ಒಂದಿಡೀ ಓಣಿಯ ಮತ ಮಣ್ಣುಪಾಲಾಗುತ್ತಿದೆ; ಸಂಜೆ ಐದಕ್ಕೆ ಮತಗಟ್ಟೆಯ ಬಾಗಿಲು ಮುಚ್ಚುತ್ತದೆ. ಬೇರೆ ಯಾರಾದರೂ ಆಗಿದ್ದರೆ ಆ ಹೆಂಗಸರ ದಡ್ಡತನಕ್ಕೆ ಹಣೆ ಚಚ್ಚಿಕೊಂಡು ಜೀಪು ಹತ್ತುತ್ತಿದ್ದರು. ರಾಯರು ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದರು.

"ತಪ್ಪು ನಂದವ್ವಾ. ಅವತ್ತಿಂದು ಬರೇ ಕಲಿಯೋ ಆಟ. ಬೆರಳಿಗೆ ಮಸಿ ಬಿದ್ದಿಲ್ಲಂದ್ರ ಓಟು ಬಿದ್ದಿಲ್ಲ."

ಭರಮಮ್ಮ ಬೆರಳು ನೋಡಿಕೊಂಡಳು. ಅಲ್ಲಿದ್ದದ್ದು ಅದಿರಿನ ಕೆಂಪು ಮಾತ್ರ. "ಏಳ್ರೇ, ಜಲ್ದಿ!" ಎಂದು ಸೆರಗು ಸಿಕ್ಕಿಸಿ ಎದ್ದಳು. ಮನೆಮನೆಯ ಬಾಗಿಲಿಗೆ ಅವಳು ಮುಂದೆ, ಕೋಟಿನ ರಾಯರು ಹಿಂದೆ. ಹೊತ್ತು ಇಳಿಯುವಷ್ಟರಲ್ಲಿ ಹೆಂಗಸರ ಸಾಲು ಮತಗಟ್ಟೆಯಾಗಿದ್ದ ಶಾಲೆಯ ಗೋಡೆ ದಾಟಿ ಬೀದಿಗೆ ಬಂದಿತ್ತು. ಎಲ್ಲರನ್ನೂ ಒಳಗೆ ಕಳಿಸಿ ಕೊನೆಗೆ ಹೊರಬಂದ ಭರಮಮ್ಮ ಮಸಿಯ ಬೆರಳೆತ್ತಿ ತೋರಿಸಿದಳು.

"ಈಗಾತೇನ್ರಿ?"

"ಈಗಾತವ್ವಾ" ಎಂದ ರಾಯರ ಕಣ್ಣು ತುಂಬಿತ್ತು. ಅಂದು ಅವರಿಗಾದಷ್ಟು ಸಂತೋಷ ಗೆದ್ದ ಅಭ್ಯರ್ಥಿಗೂ ಆಗಿರಲಾರದು.

ಬಂಡ್ರಿಯ ಕಥೆ ಎಲ್ಲರ ಕಿವಿಗೂ ಬಿದ್ದಿತ್ತು; ಮುಂದಿನ ಚುನಾವಣೆಗಳ ತರಬೇತಿಯಲ್ಲೂ ಶಲ್ಯ ತಲೆಗೇರುತ್ತಿತ್ತು. "ಈಗ ನಾ ಯಾರು?" ಎಂದರೆ ಸಭಾಂಗಣಕ್ಕೆ ಸಭಾಂಗಣವೇ "ಭರಮಮ್ಮ!" ಎನ್ನುತ್ತಿತ್ತು. "ನಾ ಗಿಳಿಗಿ ಹಾಕೀನಿ, ಮತ್ತ್ಯಾಕ ಬರ್ಲಿ?" ಎಂಬ ಅವಳ ಸವಾಲಿಗೆ ಒಪ್ಪುವ ಉತ್ತರ ಬರುವ ತನಕ ಯಾವ ಅಧಿಕಾರಿಗೂ ಚಹಾ ಇಲ್ಲ.

ತಿಳಿಯದವರಿಗೆ ತಿಳಿಸಹೊರಡುವವರು ನಾಡಿನಲ್ಲಿ ಬೇಕಾದಷ್ಟಿದ್ದಾರೆ. ಹೇಳಿದ್ದು ತಪ್ಪಾಗಿ ತಲುಪಿದಾಗ ಕೇಳಿದವರ ಕಿವಿ ಹಿಂಡದೆ ತಮ್ಮ ನಾಲಿಗೆಯನ್ನು ತಿದ್ದಿಕೊಳ್ಳುವವರು ಅಪರೂಪ. ಅಂಥವರ ಪಾಠ ಗಂಟೆ ಹೊಡೆದಾಗ ಮುಗಿಯುವುದಿಲ್ಲ, ಯಾರೋ ಒಬ್ಬ ಭರಮಮ್ಮ ಬೆರಳೆತ್ತಿ "ಈಗಾತೇನ್ರಿ?" ಎಂದು ಕೇಳುವವರೆಗೆ ಅವರು ಅವಳ ಓಣಿಯಲ್ಲೇ ನಿಂತಿರುತ್ತಾರೆ.