ಎಂಜಲಾಗದ ನೈವೇದ್ಯ

"ನಮ್ಮ ಶಿವಾನಿ ಎಲ್ಲಾನೂ ಸರಿತೂಗಿಸ್ತಾಳೆ ಕಣ್ರೀ" ಎಂದು ಪ್ರೇಮಲೀಲಾ ತಮ್ಮ ಸೊಸೆಯನ್ನು ಬೀದಿಯಲ್ಲೆಲ್ಲ ಹೊಗಳುತ್ತಿದ್ದರು. ತೂಗುತ್ತಿದ್ದವಳು ಅವಳೊಬ್ಬಳು, ಹೇರುತ್ತಿದ್ದವರು ಮನೆಯವರೆಲ್ಲ. ಹೂಟಗಳ್ಳಿಯ ಆ ಮನೆಯಲ್ಲಿ ನಸುಕಿಗೇ ಎದ್ದು ಅವಳು ಅಡುಗೆಯವಳು, ಆಮೇಲೆ ಪುಟ್ಟ ಬಿಂದುಶ್ರೀಗೆ ಜಡೆ ಹಾಕುವ ಅಮ್ಮ, ಗಂಡ ನಾಗಾರ್ಜುನನ ಕಾಣೆಯಾದ ಸಾಕ್ಸ್ ಹುಡುಕುವ ಪೊಲೀಸು, ವ್ಯಾನ್ ಬಂದರೆ ಕಾರ್ಖಾನೆಯ ಸೂಪರ್‌ವೈಸರು. ಸಕ್ಕರೆ ಕಾಯಿಲೆಯ ರೋಗಿಯಾಗಲು ಮಾತ್ರ ಪುರುಸೊತ್ತಿರಲಿಲ್ಲ.

ಮಾವ ಸದಾಶಿವಯ್ಯನವರ ಪೂಜೆ ಮುಗಿದು ನೈವೇದ್ಯವಾಗುವವರೆಗೆ ಹೆಂಗಸರು ಬಾಯಿಗೇನೂ ಹಾಕುವಂತಿಲ್ಲ. ಗಂಡಸರ ಕಾಫಿಗೆ ದೋಷವಿಲ್ಲ. "ಶಿವನಿಗಿಂತ ಮುಂಚೆ ಬಾಯಾಡಿಸೋರು ಉದ್ಧಾರ ಆಗಲ್ಲ, ಕಾಫಿಗೆ ಇನ್ನೊಂಚೂರು ಸಕ್ಕರೆ ಹಾಕಮ್ಮ" ಎಂದು ಶಿವಾನಿ ಮಾವನ ಗಡಸು ಗಂಟಲಿನಲ್ಲೇ ಅಣಕಿಸಿ ಮಗಳನ್ನು ನಗಿಸುತ್ತಿದ್ದಳು.

ಅಂದು ಇಲವಾಲದಿಂದ ನೆಂಟರು ವೃಷಭೇಂದ್ರಪ್ಪ ಬರುವವರಿದ್ದರು. ಅವರು ಬರುವ ತನಕ ಮಂಗಳಾರತಿ ಇಲ್ಲವೆಂದು ಸದಾಶಿವಯ್ಯ ಪೂಜೆ ಎಳೆಯುತ್ತಾ ಕೂತರು. ಶಿವಾನಿ ಎಂದಿನ ಹೊತ್ತಿಗೇ ಇನ್ಸುಲಿನ್ ಚುಚ್ಚಿಕೊಂಡಾಗಿತ್ತು.

"ಅತ್ತೆ, ಚುಚ್ಕೊಂಡ್ಬುಟ್ಟಿದೀನಿ. ತಿನ್ನದಿದ್ರೆ ಶುಗರ್ ಇಳಿದೋಗುತ್ತೆ ಅಂತ ಡಾಕ್ಟ್ರು ಹೇಳಿಲ್ವಾ? ಶಿವ ಕಾಯ್ತಾನೆ, ಸೂಜಿ ಕಾಯಲ್ಲ."

"ಐದೇ ನಿಮಿಷ ಕಣಮ್ಮ. ಎಂಜಲು ಬಾಯಲ್ಲಿ ನೈವೇದ್ಯದ ಕೇಸರಿಬಾತ್ ಮಾಡಿದ್ರೆ ನಿಮ್ಮಾವ ಬಿಡ್ತಾರಾ? ಹೋದ್ಸಲ ನೀನೊಂದು ಬಿಸ್ಕತ್ ತಿಂದಿದ್ದಕ್ಕೆ ದಿನವೆಲ್ಲ ಉಪವಾಸ ಕೂತಿರ್ಲಿಲ್ವಾ?"

"ಅಡ್ಜಸ್ಟ್ ಮಾಡ್ಕೊ ಶಿವೂ" ಎಂದ ನಾಗಾರ್ಜುನ, ಫೋನಿನಿಂದ ತಲೆಯೆತ್ತದೆ.

ಶಿವಾನಿ ಬಾಳೆಹಣ್ಣಿಗೆ ಕೈ ಹಾಕಿದಳು. ಪ್ರೇಮಲೀಲಾ ಕಿತ್ತುಕೊಂಡರು. ಸೊಸೆಯ ಬೆರಳು ಬೆವರಿ ತಣ್ಣಗಾಗಿದ್ದದ್ದು ತಿಳಿಯಿತು. ತಾವೂ ತುಂಬಿದ ಬಸುರಿಯಾಗಿ ಇದೇ ಒಲೆಯ ಮುಂದೆ ಕಾದದ್ದು ನೆನಪಾಯಿತು. ನಾನೇನು ಸತ್ತೆನೇ, ಎಂದುಕೊಂಡರು.

ಕೇಸರಿಬಾತಿಗೆ ಸಕ್ಕರೆ ಸುರಿಯಲು ಡಬ್ಬ ಎತ್ತಿದ ಶಿವಾನಿ ಹಾಗೇ ವಾಲಿದಳು. ಗ್ರಾನೈಟ್ ಕಟ್ಟೆಯ ಅಂಚು ತಲೆಗೆ ಬಡಿಯಿತು.

"ಏನೂಂದ್ರೆ!" ಎಂದು ಪ್ರೇಮಲೀಲಾ ಚೀರಿದರು. ಸದಾಶಿವಯ್ಯ ಮಂತ್ರ ನಿಲ್ಲಿಸದೆ, ತಾಳು ಎಂದು ಕೈಸನ್ನೆ ಮಾಡಿದರು.

ಆಸ್ಪತ್ರೆಯಲ್ಲಿ ಸಂಜೆಯೊಳಗೆ ಎಲ್ಲ ಮುಗಿಯಿತು. "ಬೀಳೋಕೆ ಮುಂಚೆ ಒಂದು ಹಿಡಿ ಸಕ್ಕರೆ ತಿನ್ನಿಸಿದ್ರೆ ಸಾಕಿತ್ತಲ್ರೀ" ಎಂದರು ಡಾಕ್ಟರು. ಹೆಣದ ಕೂದಲ ತುಂಬ ಸಕ್ಕರೆ ಅಂಟಿತ್ತು.

"ಪುಣ್ಯವಂತೆ, ಪೂಜೆ ಹೊತ್ತಲ್ಲೇ ಹೊರಟ್ಲು" ಎಂದರು ವೃಷಭೇಂದ್ರಪ್ಪ.

"ಕೊನೇವರೆಗೂ ನೇಮ ಕೆಡಿಸ್ಲಿಲ್ಲ" ಎಂದು ಸದಾಶಿವಯ್ಯ ಕಣ್ಣೊರೆಸಿಕೊಂಡರು.

ಲಿಂಗ ಕಟ್ಟಿದ ತಮ್ಮವರಿಗೆ ಸಾವಿನ ಸೂತಕವಿಲ್ಲವೆಂದು ಸದಾಶಿವಯ್ಯ, ಮಣ್ಣು ಮಾಡಿ ಬಂದ ಮರುಬೆಳಿಗ್ಗೆಯೇ ಪೂಜೆಗೆ ಕೂತರು. ಬಿಂದುಶ್ರೀ ಅಜ್ಜಿಯ ಸೆರಗು ಜಗ್ಗಿದಳು: "ಹೊಟ್ಟೆ ಹಸೀತಿದೆ."

ಒಳಗಿನಿಂದ ಅಜ್ಜನ ದನಿ: "ಪೂಜೆ ಆಗ್ಲಿ ಪುಟ್ಟಿ. ನಿಮ್ಮಮ್ಮ ಎಷ್ಟು ಚೆನ್ನಾಗಿ ತಡ್ಕೋತಿದ್ಲು!"

ಪ್ರೇಮಲೀಲಾ ಮೊಸರನ್ನ ಕಲಸಿ ತಂದು ದೇವರಕೋಣೆಯ ಹೊಸ್ತಿಲ ಮುಂದೆಯೇ ಕೂತರು. ಮಗುವಿಗೊಂದು ತುತ್ತು ಇಟ್ಟರು. ಆಮೇಲೆ ತಾವೂ ಒಂದು ತುತ್ತು ಬಾಯಿಗಿಟ್ಟರು.

"ಲೇ, ಎಂಜಲು!"

"ಹೂಂ ಕಣ್ರೀ, ಎಂಜಲೇ" ಎಂದರು, ಬಾಯಿ ತುಂಬ ಅನ್ನವಿಟ್ಟುಕೊಂಡು. "ನಿಮ್ಮ ಪಾಡಿಗೆ ನೀವು ಗಂಟೆ ಹೊಡ್ಕೊಳಿ. ಈ ಮಗು ಕಾಯಲ್ಲ."