ಎಡಗೈಗೆ ಕೆಲಸ

ಮುಚ್ಚಳ ಸೂಜಿಯ ಮೇಲೆ ಕೂತ ಸಣ್ಣ ಟಕ್ ಸದ್ದು ಆಕೆಗಿಂತ ಮೊದಲು ಪರೀಕ್ಷಕಿಗೆ ಕೇಳಿಸಿತು.

"ಸಿಸ್ಟರ್, ಅಲ್ಲೇ ನಿಲ್ಸಿ."

ಆಕೆ ತನ್ನ ಕೈಗಳನ್ನು ನೋಡಿಕೊಂಡಳು. ಬಲಗೈಯಲ್ಲಿ ಸಿರಿಂಜು. ಅದರ ಸೂಜಿಗೆ ಎಡಗೈ ಯಾವ ಮಾಯದಲ್ಲೋ ಮುಚ್ಚಳ ಹಾಕಿ ಮುಗಿಸಿತ್ತು. ಮೇಜಿನ ಮೇಲೆ ಅಂಗಾತ ಬಿದ್ದಿದ್ದ ರಬ್ಬರ್ ತೋಳಿನಲ್ಲಿ ಮೊದಲ ಚುಚ್ಚಿಗೇ ನಾಳ ಸಿಕ್ಕಿತ್ತು. ಹಿಂದೆ ಸಾಲಿನಲ್ಲಿ ನಿಂತಿದ್ದ ಎಳೆಯ ಡಾಕ್ಟರೊಬ್ಬ ಅದನ್ನು ಕಂಡು ಹುಬ್ಬೇರಿಸಿದ್ದ. ಆದರೆ ಪರೀಕ್ಷಕಿಯ ಹಾಳೆಯಲ್ಲಿ ಏಳನೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿತ್ತು: ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಮಿಕ್ಕ ತಪ್ಪುಗಳಿಗೆ ಒಂದೊಂದು ಅಂಕ ಹೋಗುತ್ತಿತ್ತು. ಈ ತಪ್ಪಿಗೆ ಎಲ್ಲವೂ ಹೋಗುತ್ತಿತ್ತು.

"ಕೈಗೆ ಚುಚ್ಕೊಳ್ಳೋದು ಹೀಗೇನೇ ಅಲ್ವಾ ಸಿಸ್ಟರ್," ಎಂದಳು ಪರೀಕ್ಷಕಿ, ತಾನೇ ತಪ್ಪು ಮಾಡಿದವಳಂತೆ. "ಇವತ್ತು ಸಂಜೆ ನಾಲ್ಕು ಗಂಟೆ ಒಳಗೆ ಇನ್ನೊಂದು ಸಲ ಬರಬಹುದು."

ಆಕೆಗೆ ಈ ನಿಯಮ ಗೊತ್ತಿರಲಿಲ್ಲ ಎಂದಲ್ಲ. ಅದನ್ನು ಕೆಂಪಕ್ಷರದಲ್ಲಿ ಬರೆಸಿ, ಕೆಳಗೆ ಸಹಿ ಹಾಕಿ, ಆಸ್ಪತ್ರೆಯ ಎಲ್ಲ ವಾರ್ಡುಗಳ ಗೋಡೆಗೂ ಅಂಟಿಸಿದ್ದು ಆಕೆಯೇ. ಅಷ್ಟು ಹೊತ್ತಿಗೆ ಆಕೆ ಮೇಲ್ವಿಚಾರಕಿಯಾಗಿ ಸೂಜಿ ಬಿಟ್ಟು ಪೆನ್ನು ಹಿಡಿದಾಗಿತ್ತು. ಕೈ ಕಲಿತದ್ದು ಅದಕ್ಕೂ ಮುಂಚೆ. ನಲವತ್ತು ಹಾಸಿಗೆಯ ಉದ್ದನೆಯ ವಾರ್ಡು, ಸೂಜಿ ಹಾಕುವ ಡಬ್ಬ ಬಾಗಿಲ ಬಳಿ ಒಂದೇ. ಅಲ್ಲಿಯವರೆಗೆ ತೆರೆದ ಸೂಜಿ ಹಿಡಿದು ನಡೆದರೆ ಕಲಿಸುವವರು ಬೆರಳ ಗಂಟಿಗೆ ಅಡಿಕೋಲಿನಿಂದ ಹೊಡೆಯುತ್ತಿದ್ದರು.

ಪಡಸಾಲೆಯ ಬೆಂಚಿನಲ್ಲಿ ಗಂಡ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮೂವತ್ತು ವರ್ಷ ಊರೊಳಗಿನ ಬಸ್ಸು ಓಡಿಸಿದ ಮನುಷ್ಯ. ಕಾಯುವುದೆಂದರೆ ಅವನಿಗೆ ಬೇಸರವಿಲ್ಲ.

"ಏನೇ, ಮುಖ ಹಿಂಗಿದೆ? ರಬ್ಬರ್ ಕೈ ಅಯ್ಯೋ ಅಂತಾ?"

"ಫೇಲು."

"ಯಾರು, ಆ ಕೈನಾ?"

"ಕೈನೇ ಕಣ್ರೀ. ನನ್ನ ಎಡಗೈ."

ಆಕೆ ಆದದ್ದನ್ನು ಹೇಳಿದಳು. ಅವನು ನಗಲಿಲ್ಲ. ಲೋಟಕ್ಕೆ ಟೀ ಬಗ್ಗಿಸಿ ಕೊಟ್ಟ. "ಹೋಗ್ಲಿ ಬಿಡು. ತುರ್ತಿಗೆ ಕರೆಯೋರ ಪಟ್ಟೀಲಿ ಹೆಸರು ಬರೆಸಿದ ಮಾತ್ರಕ್ಕೆ ನಾಳೆನೇ ರೋಗ ಬರುತ್ತಾ?"

"ಬಂದ ಮೇಲೆ ಬರೆಸೋಕಾಗಲ್ಲ. ಹೋದ ಸಲ ನೋಡಿದ್ರಲ್ಲ."

ನೋಡಿದ್ದ. ಎರಡು ವರ್ಷದ ಹಿಂದೆ ಜ್ವರ ಹಬ್ಬಿದಾಗ, ಆಗಷ್ಟೇ ನಿವೃತ್ತಳಾಗಿದ್ದ ಆಕೆಯನ್ನು ಆಸ್ಪತ್ರೆಯ ಗೇಟಿನವರೆಗೆ ಬಿಟ್ಟವನೂ ಅವನೇ, ಹತ್ತೇ ನಿಮಿಷಕ್ಕೆ ವಾಪಸು ಕರೆತಂದವನೂ ಅವನೇ. ಕಾವಲುಗಾರ ಹೊಸಬ, ಪಟ್ಟಿಯಲ್ಲಿ ಹೆಸರಿಲ್ಲ ಎಂದಿದ್ದ. ಅವನದು ತಪ್ಪಲ್ಲವೆಂದು ಆಕೆಯೇ ಹೇಳುತ್ತಿದ್ದಳು. ಬಿಳಿ ಕೋಟು ಹಾಕಿಕೊಂಡು ಬಂದವರನ್ನೆಲ್ಲ ಒಳಗೆ ಬಿಡಲು ಅದೇನು ಸಂತೆಯೇ? ಆದರೆ ಒಳಗೆ ಆಕೆ ಕೆಲಸ ಕಲಿಸಿದ ಹುಡುಗಿಯರು ಮೂವತ್ತು ಗಂಟೆ ಕೂರದೆ ದುಡಿದಿದ್ದರು. ಒಬ್ಬಳು ಔಷಧಿಯ ಅಳತೆ ತಪ್ಪಿ, ಆಮೇಲೆ ಕೆಲಸವನ್ನೇ ಬಿಟ್ಟಳು. ಆ ಮೂರು ವಾರ ಆಕೆ ಮನೆಯಲ್ಲಿ ಕಿಟಕಿ ಒರೆಸಿದ್ದಳು, ಒರೆಸಿದ್ದನ್ನೇ ಮತ್ತೆ ಒರೆಸಿದ್ದಳು.

"ಮುಂದಿನ ವರ್ಷ ನಂಗೆ ಅರವತ್ತೆರಡು. ಆಮೇಲೆ ಫಾರಮ್ಮೂ ಕೊಡಲ್ಲ," ಎಂದು ಆಕೆ ಗಂಡನ ಜೇಬಿನಿಂದ ಪೆನ್ನು ಕಿತ್ತುಕೊಂಡಳು.

ಮುಚ್ಚಳ ತೆಗೆದು ಬೆಂಚಿನ ಮೇಲಿಟ್ಟಳು. ಫಾರಮಿನ ಅಂಚಿಗೆ ಪೆನ್ನನ್ನು ಸೂಜಿಯಂತೆ ಒತ್ತಿ, ಎತ್ತಿ, ಫ್ಲಾಸ್ಕಿನ ಖಾಲಿ ಚೀಲದೊಳಗೆ ಹಾಕಲು ಹೋದಳು. ಅಷ್ಟರಲ್ಲಿ ಎಡಗೈ ಮುಚ್ಚಳ ಹಿಡಿದು ಹಾಜರಾಗಿತ್ತು. ಮತ್ತೆ ಮಾಡಿದಳು. ಹದಿನೈದು ಸಲ ಮಾಡಿ ಅಂಚಿನಲ್ಲಿ ಗೀಟು ಹಾಕಿ ಲೆಕ್ಕವಿಟ್ಟಳು: ಹನ್ನೊಂದು ತಪ್ಪು. ಮನಸ್ಸಿಟ್ಟು ಮಾಡಿದಾಗ ಸರಿ. ಮನಸ್ಸು ಒಂದು ಚೂರು ಆಚೀಚೆಯಾದರೆ ತಪ್ಪು. ನಿಜವಾದ ವಾರ್ಡಿನಲ್ಲಿ ಮನಸ್ಸು ಆಚೀಚೆ ಆಗಿಯೇ ಆಗುತ್ತದೆ.

ಗಂಡ ಬಗ್ಗಿ ಗೀಟುಗಳನ್ನು ನೋಡಿದ. "ಕ್ಲಚ್ಚಿಲ್ಲದ ಬಸ್ಸು ಕೊಟ್ಟಾಗ ನಂದೂ ಇದೇ ಕಥೆ. ಎಡಗಾಲು ಒಂದು ತಿಂಗಳು ಬರೀ ನೆಲ ಒದೀತಿತ್ತು. ಒಂದಿನ ಬ್ರೇಕೇ ಒದ್ದು, ನಿಂತಿದ್ದೋರೆಲ್ಲ ನನ್ನ ಬೆನ್ನ ಮೇಲೆ."

"ಆಮೇಲೆ?"

"ಕಾಲಿಗೆ ಬುದ್ಧಿ ಹೇಳೋದು ಬಿಟ್ಟೆ. ಸೀಟಿನ ಕೆಳಗಿನ ಸರಳಿಗೆ ಸಿಕ್ಕಿಸಿಟ್ಕೊಂಡೆ. ಅದಕ್ಕೂ ಒಂದು ಕೆಲಸ ಆಯ್ತು, ಸುಮ್ನಾಯ್ತು."

ಆಕೆ ಲೋಟ ಕೆಳಗಿಟ್ಟಳು. ತೆರೆದ ಬಾಗಿಲಿನಿಂದ ಒಳಗಿನ ಮೇಜು ಕಾಣುತ್ತಿತ್ತು. ಸೂಜಿ ಹಾಕುವ ಹಳದಿ ಡಬ್ಬ ಅಲ್ಲಿರಲಿಲ್ಲ. ಆರು ಹೆಜ್ಜೆ ಆಚೆ ಕಿಟಕಿಯ ಕಟ್ಟೆಯ ಮೇಲಿತ್ತು. ಅದನ್ನು ಆಕೆ ಬಹಳ ಹೊತ್ತು ನೋಡಿದಳು.

"ಬರ್ತೀನಿ ರೀ," ಎಂದು ಎದ್ದಳು.

ಗಡಿಯಾರದಲ್ಲಿ ಮೂರೂ ಮುಕ್ಕಾಲು. ಸರದಿ ಬಂದಾಗ ಆಕೆ ಮೊದಲು ಮುಟ್ಟಿದ್ದು ಸಿರಿಂಜನ್ನಲ್ಲ. ನೇರ ಕಿಟಕಿಗೆ ಹೋಗಿ ಹಳದಿ ಡಬ್ಬವನ್ನು ಎತ್ತಿ ತಂದು ರಬ್ಬರ್ ತೋಳಿನ ಪಕ್ಕ, ತನ್ನ ಬಲಗೈಗೆ ಸರಿಯಾಗಿ ಇಟ್ಟಳು.

"ಅದು ಅಲ್ಲೇ ಇರ್ಲಿ ಸಿಸ್ಟರ್. ಬೆಳಗ್ಗಿಂದ ಎಲ್ಲರೂ ಅಲ್ಲಿಗೇ ಹೋಗಿ ಹಾಕಿದಾರೆ."

"ತೆರೆದ ಸೂಜಿ ಹಿಡ್ಕೊಂಡು, ಇಷ್ಟು ಜನದ ಮಧ್ಯೆ? ಡಬ್ಬ ಎಲ್ಲಿರಬೇಕು ಅಂತ ನಿಮ್ಮ ಹಾಳೇಲಿ ಇರುತ್ತೆ, ಒಂಚೂರು ಓದಿಮ್ಮಾ."

ಪರೀಕ್ಷಕಿ ಹಾಳೆ ತಿರುವಿದಳು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು: ಕೈಗೆಟಕುವಷ್ಟು ಹತ್ತಿರ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪರೀಕ್ಷಕಿಯ ಕಿವಿ ಕೆಂಪಾಯಿತು. ಆದರೂ ಡಬ್ಬವನ್ನು ತಾನೇ ಇನ್ನೊಂದು ಅಂಗುಲ ಹತ್ತಿರಕ್ಕೆ ಸರಿಸಿದಳು. "ಮಾಡಿ ಸಿಸ್ಟರ್."

ಕೈ ತೊಳೆದು, ಗ್ಲೌಸು ಹಾಕಿ, ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಒರೆಸಿ, ಚುಚ್ಚಿದಳು. ನಾಳ ಸಿಕ್ಕಿತು. ಪಟ್ಟಿ ಸಡಿಲಿಸಿ ಔಷಧಿ ನಿಧಾನವಾಗಿ ಬಿಟ್ಟಳು. ಸೂಜಿ ಹೊರಬರುತ್ತಿದ್ದಂತೆ ಎಡಗೈಯ ಹೆಬ್ಬೆರಳು ಹತ್ತಿಯ ಉಂಡೆಯನ್ನು ಗಾಯದ ಮೇಲೆ ಒತ್ತಿತು. ತಟ್ಟೆಯಲ್ಲಿ ಬಿದ್ದಿದ್ದ ಮುಚ್ಚಳದ ಕಡೆಗೆ ಉಳಿದ ನಾಲ್ಕು ಬೆರಳು ಒಮ್ಮೆ ಮಿಡುಕಿದವು. ಆಕೆ ಹೆಬ್ಬೆರಳನ್ನು ಇನ್ನೂ ಬಲವಾಗಿ ಒತ್ತಿದಳು. ಬಲಗೈ ಒಂದು ಗೇಣು ಸರಿಯಿತು. ಸಿರಿಂಜು ಡಬ್ಬದೊಳಗೆ ಬಿತ್ತು.

ಪರೀಕ್ಷಕಿ ಏಳನೆಯ ಸಾಲಿಗೆ ಗುರುತು ಹಾಕಿ, ಸಹಿ ಮಾಡಿ, ಪಟ್ಟಿಯಲ್ಲಿ ಹೆಸರು ಬರೆದುಕೊಂಡಳು. "ಆಯ್ತು ಸಿಸ್ಟರ್, ಪಾಸು. ಕೈ ತೆಗೀಬಹುದು."

"ಎರಡು ನಿಮಿಷ ಒತ್ತಬೇಕಲ್ಲ," ಎಂದಳು ಆಕೆ. "ಇನ್ನೂ ಅರ್ಧ ನಿಮಿಷ ಇದೆ."

ಮುಂದಿನವನನ್ನು ಕರೆಯಲು ಬಾಯಿ ತೆರೆದಿದ್ದ ಪರೀಕ್ಷಕಿ ಗಡಿಯಾರ ನೋಡಿದಳು. ಸಾಲು ಕಾಯಿತು. ಆಕೆಯ ಹೆಬ್ಬೆರಳ ಕೆಳಗೆ, ತಣ್ಣಗಿದ್ದ ರಬ್ಬರು ನಿಧಾನವಾಗಿ ಬೆಚ್ಚಗಾಗುತ್ತಿತ್ತು.